'ಗ್ರಾವಿಟಿ' ಚಿತ್ರದಲ್ಲಿ ಅವನನ್ನು ಆ ಕಡೆಯಿಂದ ಎಳೆಯುತ್ತಿದ್ದವರು ಯಾರು? (ಸೋಮವಾರದೊಳಗೆ ಉತ್ತರ ಬೇಕು)

ಹಳ್ಳಿಮಾಸ್ತರ ಬರೆದದ್ದು:

ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಿನ್ನೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಒಂದು ಪ್ರಶ್ನೆ ಕೇಳಿದಳು. ಗೊತ್ತಿಲ್ಲ ಎನ್ನುವ ಬದಲು ತಪ್ಪು ಉತ್ತರ ಕೊಟ್ಟುಬಿಟ್ಟೆ. ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

2025ರಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಪ್ರಯೋಗವೊಂದಕ್ಕಾಗಿ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದ್ದರಲ್ಲ, ಅಂದಿನಿಂದ ನಮ್ಮ ಮಕ್ಕಳಿಗೆ ಬಾಹ್ಯಾಕಾಶ ಎಂದರೆ ಪಕ್ಕದೂರು. ನಮ್ಮ ಕಡೆಯ ಕಾಳು ಹೋಗಿ ಬಂದಿರುವ ಜಾಗ ಎಂಬ ಸಲಿಗೆ. ಅದಕ್ಕೇ ಶನಿವಾರದ ಕೊನೆಯ ಎರಡು ಅವಧಿಗಳಲ್ಲಿ ಅಲ್ಫೋನ್ಸೊ ಕ್ವಾರೋನ್ ನಿರ್ದೇಶನದ 'ಗ್ರಾವಿಟಿ' (2013) ಹಾಕಿದೆ. ಕಿಟಕಿಗಳಿಗೆ ಜಮಖಾನೆ ಕಟ್ಟಿ ಕತ್ತಲೆ ಮಾಡಿದೆವು. ಇಂಗ್ಲಿಷ್ ಮಾತು ಮಕ್ಕಳಿಗೆ ತಿಳಿಯುವುದಿಲ್ಲವಾದ್ದರಿಂದ ಪರದೆಯ ಪಕ್ಕ ನಿಂತು ದೊಡ್ಡಾಟದ ಭಾಗವತನಂತೆ ನಾನೇ ಅರ್ಥ ಹೇಳುತ್ತಿದ್ದೆ.

ನೋಡದವರಿಗೆ ಇಷ್ಟು: ಹಬಲ್ ದೂರದರ್ಶಕ ದುರಸ್ತಿ ಮಾಡುತ್ತಿದ್ದಾಗ ಒಡೆದ ಉಪಗ್ರಹಗಳ ಚೂರುಗಳು ಬಂದು ಬಡಿದು ಗಗನಯಾತ್ರಿಗಳ ಷಟಲ್ ನೌಕೆ ನಾಶವಾಗುತ್ತದೆ. ಉಳಿದವರು ಇಬ್ಬರೇ, ಡಾಕ್ಟರ್ ಸ್ಟೋನ್ (ಸಾಂಡ್ರಾ ಬುಲಕ್) ಮತ್ತು ಕೊವಾಲ್ಸ್ಕಿ (ಜಾರ್ಜ್ ಕ್ಲೂನಿ). ಅವನ ಬೆನ್ನಿನ ಅನಿಲಯಂತ್ರದಲ್ಲಿ ಉಳಿದಿದ್ದ ಚೂರುಪಾರು ಅನಿಲದಲ್ಲಿ ಇಬ್ಬರೂ ಅಂತರರಾಷ್ಟ್ರೀಯ ನಿಲ್ದಾಣ ತಲುಪುತ್ತಾರೆ. ತಲುಪುವುದೆಂದರೆ ಹೋಗಿ ಬಡಿಯುತ್ತಾರೆ. ಅವಳ ಕಾಲು ಸೋಯುಜ್ ನೌಕೆಯ ಪ್ಯಾರಾಚೂಟ್ ದಾರಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಅವನಿಗೆ ಕಟ್ಟಿದ ಹಗ್ಗ ಅವಳ ಕೈಯಲ್ಲಿ. ದಾರಗಳು ಒಂದೊಂದಾಗಿ ಸಡಿಲವಾಗುತ್ತಿವೆ. 'ನನ್ನನ್ನು ಬಿಡದಿದ್ದರೆ ನೀನೂ ಹೋಗುತ್ತೀ' ಎಂದು ಅವನು ಕೊಕ್ಕೆ ಬಿಚ್ಚಿಕೊಂಡು ಕತ್ತಲೆಯೊಳಗೆ ಸರಿದು ಹೋಗುತ್ತಾನೆ.

ತರಗತಿ ಉಸಿರು ಬಿಗಿಹಿಡಿದು ಕುಳಿತಿತ್ತು. ಆಗ ಹಿಂದಿನ ಬೆಂಚಿನಿಂದ ಈ ಹುಡುಗಿ: "ಸರ್, ಹಗ್ಗ ಬಿಗಿಯಾಗಿದೆ ಎಂದರೆ ಆ ಕಡೆಯಿಂದ ಯಾರೋ ಎಳೆಯುತ್ತಿರಬೇಕಲ್ಲವೇ? ಯಾರು ಸರ್?" ಅವಳ ತಂದೆ ಬ್ಯಾಡಗಿ ಮಾರುಕಟ್ಟೆಯಲ್ಲಿ ಹಮಾಲಿ. ಲಾರಿಗೆ ಮೆಣಸಿನಕಾಯಿ ಚೀಲ ಹೇರಿ ಹಗ್ಗ ಬಿಗಿಯುವುದನ್ನು ನೋಡುತ್ತಲೇ ಬೆಳೆದವಳು. ಹಗ್ಗದ ವಿಷಯದಲ್ಲಿ ಅವಳಿಗೆ ಮೋಸ ಮಾಡುವುದು ಕಷ್ಟ.

ನಾನು "ಭೂಮಿ ಎಳೆಯುತ್ತಿದೆ" ಎಂದೆ. ಅವಳು ಒಂದು ಕ್ಷಣವೂ ತಡಮಾಡಲಿಲ್ಲ. "ಭೂಮಿ ಡಾಕ್ಟರ್ ಬಾಯಿಯನ್ನೂ ಅಷ್ಟೇ ಎಳೆಯುತ್ತದಲ್ಲ ಸರ್? ಆ ಮನೆಯನ್ನೂ ಎಳೆಯುತ್ತದಲ್ಲ?" ಮನೆ ಎಂದರೆ ನಿಲ್ದಾಣ. ಅಷ್ಟರಲ್ಲಿ ಗಂಟೆ ಬಾರಿಸಿತು. ಗಂಟೆ ಬಾರಿಸಿದ ಜವಾನನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಚಿತ್ರವೇ ತಪ್ಪೋ, ನನಗೇ ಏನಾದರೂ ಹೊಳೆಯುತ್ತಿಲ್ಲವೋ? ಬಲ್ಲವರು ಹೇಳಿ. ಒಂದು ವಿನಂತಿ: ಮಕ್ಕಳು ನೋಡಿರುವುದು ಅಲ್ಲಿಯವರೆಗೆ ಮಾತ್ರ. ಅವರಲ್ಲಿ ಕೆಲವರು ಅಣ್ಣಂದಿರ ಮೊಬೈಲಿನಲ್ಲಿ ಇದನ್ನು ಓದುತ್ತಾರೆ. ಮುಂದಿನ ಕತೆ ಯಾರೂ ಬರೆಯಬೇಡಿ.

---

ಕಕ್ಷೆ_ಲೆಕ್ಕಿಗ ಬರೆದದ್ದು:

ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿನಿ ಸರಿ, ನೀವು ತಪ್ಪು. ಉಪಗ್ರಹಗಳ ಜಾಡು ಹಿಡಿಯುವ ಕೆಲಸದಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತನಾಗಿದ್ದೇನೆ. ಈಗ ಮೊಮ್ಮಕ್ಕಳ ಜಾಡು ಹಿಡಿಯುವುದು ಮಾತ್ರ, ಆದ್ದರಿಂದ ಲೆಕ್ಕಕ್ಕೆ ಪುರುಸೊತ್ತಿದೆ.

400 ಕಿಲೋಮೀಟರ್ ಎತ್ತರದಲ್ಲೂ ಭೂಮಿಯ ಸೆಳೆತ ನೆಲದ ಮೇಲಿನದರ ಶೇಕಡಾ 90ರ ಆಸುಪಾಸು ಇರುತ್ತದೆ. ಅಲ್ಲಿ ಸೆಳೆತವೇ ಇಲ್ಲ ಎಂದು ಹೇಳಿಕೊಟ್ಟಿದ್ದರೆ ಅದನ್ನೂ ಸೋಮವಾರವೇ ತಿದ್ದಿಬಿಡಿ. ಆದರೆ ನಿಲ್ದಾಣ, ಸ್ಟೋನ್, ಕೊವಾಲ್ಸ್ಕಿ ಮೂವರೂ ಒಟ್ಟಿಗೇ ಬೀಳುತ್ತಾ ಸುತ್ತುತ್ತಿದ್ದಾರೆ. ಬಾವಿಗೆ ಕೊಡವೂ ಹಗ್ಗವೂ ಜೊತೆಯಾಗಿ ಬಿದ್ದರೆ ಹಗ್ಗ ಬಿಗಿಯುತ್ತದೆಯೇ?

ಒಂದು ಸಣ್ಣ ವ್ಯತ್ಯಾಸ ನಿಜವಾಗಿಯೂ ಇದೆ. ನಿಲ್ದಾಣಕ್ಕಿಂತ 50 ಮೀಟರ್ ಕೆಳಗಿರುವವನಿಗೆ ಸೆಳೆತ ತುಸು ಹೆಚ್ಚು. ಮನುಷ್ಯ, ಉಡುಪು, ಬೆನ್ನಿನ ಯಂತ್ರ ಸೇರಿ 300 ಕಿಲೋ ಹಿಡಿದರೆ ಆ ಎಳೆತ ಆರು ಗ್ರಾಂ ತೂಕದಷ್ಟು ಬರುತ್ತದೆ. ಒಂದು ಚಮಚ ಸಕ್ಕರೆ. ಅದಕ್ಕಾಗಿ ಯಾರೂ ಪ್ರಾಣ ಬಿಡಬೇಕಾಗಿಲ್ಲ.

ಎರಡನೆಯ ಸಾಧ್ಯತೆ, ನಿಲ್ದಾಣ ತಿರುಗುತ್ತಿದ್ದರೆ. ಎರಡು ನಿಮಿಷಕ್ಕೊಂದು ಸುತ್ತು ಎಂದುಕೊಳ್ಳಿ. 50 ಮೀಟರ್ ದೂರದಲ್ಲಿ ಅದೇ 300 ಕಿಲೋ ಹೊರಕ್ಕೆ ಸುಮಾರು ನಾಲ್ಕು ಕಿಲೋ ತೂಕದಷ್ಟು ಜಗ್ಗುತ್ತದೆ. ನಾಲ್ಕು ಕಿಲೋ ತುಂಬಾ ಅಲ್ಲ, ಆದರೆ ಬಿಡುವಿಲ್ಲದೆ ಜಗ್ಗುತ್ತಲೇ ಇರುತ್ತದೆ, ಜಾರುವ ದಾರ ಜಾರುತ್ತಲೇ ಹೋಗುತ್ತದೆ. ನಿರ್ದೇಶಕರ ಮನಸ್ಸಿನಲ್ಲಿ ಇದಿತ್ತೋ ಇಲ್ಲವೋ, ಕ್ಯಾಮೆರಾ ತಾನೇ ಎಲ್ಲ ಕಡೆ ತೇಲುತ್ತಿರುವಾಗ ತಿರುಗುತ್ತಿರುವುದು ನಿಲ್ದಾಣವೋ ಕ್ಯಾಮೆರಾವೋ ಎಂದು ಹೇಳಲು ನನಗಾಗುವುದಿಲ್ಲ.

ಮೂರನೆಯದು, ಅವರು ಇನ್ನೂ ನಿಂತೇ ಇಲ್ಲ ಎಂಬುದು. ಬಡಿದು ಪುಟಿದ ವೇಗ ಪೂರ್ತಿ ಇಳಿದಿಲ್ಲ, ದಾರ ಅದನ್ನು ನಿಧಾನವಾಗಿ ಇಳಿಸುತ್ತಿದೆ. ಸೆಕೆಂಡಿಗೆ ಎರಡು ಮೀಟರ್ ವೇಗದ 300 ಕಿಲೋವನ್ನು ಐದು ಮೀಟರ್‌ನಲ್ಲಿ ನಿಲ್ಲಿಸಲು ಹನ್ನೆರಡು ಕಿಲೋ ತೂಕದಷ್ಟು ಎಳೆತ ಸಾಕು, ಐದೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಚಿತ್ರದಲ್ಲಿ ಅದಕ್ಕಿಂತ ಎಷ್ಟೋ ಹೊತ್ತು ಮಾತನಾಡುತ್ತಾರೆ.

ಖಗೋಳ ವಿಜ್ಞಾನಿ ನೀಲ್ ಡಿಗ್ರಾಸ್ ಟೈಸನ್ 2013ರಲ್ಲೇ ಟ್ವಿಟರ್‌ನಲ್ಲಿ ಇದೇ ಆಕ್ಷೇಪ ಎತ್ತಿದ್ದರು: ಒಮ್ಮೆ ಮೆಲ್ಲಗೆ ಎಳೆದಿದ್ದರೆ ಇಬ್ಬರೂ ಹತ್ತಿರ ಬರುತ್ತಿದ್ದರು ಎಂದು. ಬ್ಯಾಡಗಿಯ ಹುಡುಗಿ ಅವರ ಸಾಲಿನಲ್ಲಿದ್ದಾಳೆ ಎಂದು ತಿಳಿಸಿ.

---

ಪಾಪ್‌ಕಾರ್ನ್_ಪಾರ್ಟಿ ಬರೆದದ್ದು:

ಏಳು ಆಸ್ಕರ್ ಗೆದ್ದ ಚಿತ್ರ. ಸಿನಿಮಾವನ್ನು ಸಿನಿಮಾ ಆಗಿ ನೋಡಲು ಮಕ್ಕಳಿಗೆ ಕಲಿಸಿ. ಅಳುವ ದೃಶ್ಯದಲ್ಲೂ ಕ್ಯಾಲ್ಕುಲೇಟರ್ ಹಿಡಿದು ಕೂರುವವರಿಗೆ ದೇವರೇ ಗತಿ.

---

ಬಂಡೆಗೆ_ಅಂಟಿದವಳು ಬರೆದದ್ದು:

ಮೇಷ್ಟ್ರೇ, ನನಗೆ ಕಕ್ಷೆಯ ಲೆಕ್ಕ ಬರುವುದಿಲ್ಲ. ಆದರೆ ಹನ್ನೊಂದು ವರ್ಷದಿಂದ ರಾಮನಗರದ ಬಂಡೆಗಳನ್ನು ಹತ್ತುತ್ತಿದ್ದೇನೆ, ಹಗ್ಗಕ್ಕೆ ನೇತಾಡಿದ ಅನುಭವ ಸಾಕಷ್ಟಿದೆ.

ಹತ್ತುವವರ ಹಗ್ಗ ನೈಲಾನಿನದು, ಬೇಕೆಂದೇ ಹಿಗ್ಗುವಂತೆ ಹೆಣೆದದ್ದು. ಬಿದ್ದಾಗ ಅದು ಹಿಗ್ಗಿ ಏಟನ್ನು ನುಂಗುತ್ತದೆ. ಹಿಗ್ಗದ ಹಗ್ಗವಾದರೆ ಬೆನ್ನುಮೂಳೆಗೆ ಕುತ್ತು. ಎರಡು ವರ್ಷದ ಹಿಂದೆ ಕಾಲು ಜಾರಿ ನಾಲ್ಕು ಮೀಟರ್ ಬಿದ್ದೆ. ಹಗ್ಗ ಹಿಗ್ಗಿತು, ನಿಂತಿತು, ನನ್ನನ್ನು ಮತ್ತೆ ಒಂದಿಷ್ಟು ಮೇಲಕ್ಕೆ ಎಸೆಯಿತು. ಆಮೇಲೆ ಗಡಿಯಾರದ ಲೋಲಕದಂತೆ ನೇತಾಡುತ್ತಾ ಕೆಳಗಿದ್ದ ಗೆಳತಿಗೆ ಬೈದೆ. ತಪ್ಪು ಅವಳದಾಗಿರಲಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಆ ಮೇಲಕ್ಕೆ ಎಸೆದ ಕ್ಷಣ. ನಾನು ಮತ್ತೆ ಕೆಳಗಿಳಿದು ನೇತಾಡಿದ್ದು ಭೂಮಿಯಿಂದಾಗಿ. ಕೊವಾಲ್ಸ್ಕಿಗೆ ನೇತಾಡಲು ಕೆಳಗೆ ಎಂಬುದೇ ಇಲ್ಲ. ಹಿಗ್ಗಿದ ದಾರ ಅವನನ್ನು ಹಿಂದಕ್ಕೆ ಎಸೆದರೆ ಅವನು ಬರುತ್ತಲೇ ಇರಬೇಕು.

ಚಿತ್ರ ಮತ್ತೊಮ್ಮೆ ಹಾಕಿ ನೋಡಿದೆ. ಅವನು ಕೊಕ್ಕೆ ಬಿಚ್ಚಿದ ಕೂಡಲೇ ಸ್ಟೋನ್ ನಿಲ್ದಾಣದ ಕಡೆಗೆ ಮರಳುತ್ತಾಳೆ. ಎಂದರೆ ದಾರಗಳು ಅವಳನ್ನು ಒಳಕ್ಕೆ ಎಳೆಯುತ್ತಿದ್ದವು. ಅವಳೊಬ್ಬಳನ್ನು ಎಳೆದು ತರುವ ದಾರ ಇಬ್ಬರನ್ನೂ ತರುತ್ತಿತ್ತು, ತುಸು ನಿಧಾನವಾಗಿ. ಚಿತ್ರ ತನ್ನ ತಪ್ಪನ್ನು ತಾನೇ ತೋರಿಸಿಕೊಟ್ಟಿದೆ ಎಂದು ನನಗನ್ನಿಸಿತು.

ಒಂದೇ ಒಂದು ರಿಯಾಯಿತಿ ಕೊಡುತ್ತೇನೆ. ಅವಳ ಕಾಲಿಗೆ ದಾರವನ್ನು ಯಾರೂ ಗಂಟು ಹಾಕಿಲ್ಲ, ಸುಮ್ಮನೆ ಸುತ್ತಿಕೊಂಡಿದೆ. ಗಂಟಿಲ್ಲದ ದಾರ ಉಜ್ಜುತ್ತಾ ಸ್ವಲ್ಪ ಸ್ವಲ್ಪವೇ ಜಾರುತ್ತದೆ, ಹಿಗ್ಗಿ ಪುಟಿಯುವುದಿಲ್ಲ. ಹಾಗೆ ಜಾರಿದರೆ ನಿಲ್ಲಲು ಬಹಳ ಹೊತ್ತು ಬೇಕು. ಲೆಕ್ಕಿಗರೇ, ಇದಕ್ಕೆ ಏನು ಬರುತ್ತದೆ ನೋಡಿ.

---

ಕಕ್ಷೆ_ಲೆಕ್ಕಿಗ ಬರೆದದ್ದು:

ಒಳ್ಳೆಯ ಹಿಡಿತ ಮೇಡಂ. ಇದು ನನಗೆ ಹೊಳೆದಿರಲಿಲ್ಲ.

ಇಬ್ಬರೂ ಸೇರಿ 500 ಕಿಲೋ, ವೇಗ ಸೆಕೆಂಡಿಗೆ ಒಂದು ಮೀಟರ್, ಉಜ್ಜಿ ಜಾರುವ ದಾರದ ತಡೆ ಒಂದು ಕಿಲೋ ತೂಕದಷ್ಟು ಎಂದಿಟ್ಟುಕೊಳ್ಳೋಣ. ನಿಲ್ಲಲು 50 ಸೆಕೆಂಡು ಬೇಕು, ಅಷ್ಟರಲ್ಲಿ 25 ಮೀಟರ್ ಜಾರಿರುತ್ತಾರೆ. ಕೊವಾಲ್ಸ್ಕಿ ಆರಂಭದಲ್ಲೇ ಬಿಟ್ಟುಕೊಟ್ಟರೆ ಉಳಿಯುವುದು 200 ಕಿಲೋ: 20 ಸೆಕೆಂಡು, 10 ಮೀಟರ್. ದಾರ 15 ಮೀಟರ್ ಮಾತ್ರ ಇದ್ದರೆ ಇಬ್ಬರಿದ್ದಾಗ ಇಬ್ಬರೂ ಹೋಗುತ್ತಾರೆ, ಒಬ್ಬರಾದರೆ ಒಬ್ಬರು ಉಳಿಯುತ್ತಾರೆ. ಇಷ್ಟಾದರೆ ಅವನ ತೀರ್ಮಾನ ಅಪ್ಪಟ ಸರಿ. ಆದರೆ ಇದರಲ್ಲಿ ಅವಳ ಕೈಗೆ ತಗಲುವ ಭಾರ ಒಂದು ಲೀಟರ್ ನೀರಿನ ಬಾಟಲಿಯಷ್ಟೂ ಇಲ್ಲ. ಚಿತ್ರದಲ್ಲಿ ಅವಳು ಹಲ್ಲು ಕಚ್ಚಿ ಒದ್ದಾಡುವುದನ್ನು ನೋಡಿದರೆ ಗೋಣಿ ಚೀಲ ಎತ್ತುತ್ತಿರುವಂತಿದೆ.

ಪಾಪ್‌ಕಾರ್ನ್ ಅವರಿಗೆ: ಕ್ಯಾಲ್ಕುಲೇಟರ್ ಬಳಸಿಲ್ಲ, ಕಾಗದ ಪೆನ್ಸಿಲ್.

ಇದು ಸಣ್ಣ ತಪ್ಪು. ಆ ಇಬ್ಬರು ಹಬಲ್‌ನಿಂದ ನಿಲ್ದಾಣಕ್ಕೆ ಹೋದದ್ದು ದೊಡ್ಡದು. ಚಿತ್ರ ಬಂದಾಗ ಹಬಲ್ ಇದ್ದದ್ದು ನಿಲ್ದಾಣಕ್ಕಿಂತ ನೂರು ಕಿಲೋಮೀಟರಿಗೂ ಹೆಚ್ಚು ಎತ್ತರದಲ್ಲಿ. ಎತ್ತರವನ್ನಾದರೂ ಸಹಿಸಬಹುದು, ದಾರಿಯೇ ಬೇರೆ. ಹಬಲ್‌ನ ಕಕ್ಷೆ ಭೂಮಧ್ಯರೇಖೆಗೆ 28.5 ಡಿಗ್ರಿ ವಾಲಿದೆ, ನಿಲ್ದಾಣದ್ದು 51.6 ಡಿಗ್ರಿ. ಒಂದು ದಾರಿಯಿಂದ ಇನ್ನೊಂದಕ್ಕೆ ಹೊರಳಬೇಕಾದರೆ ವೇಗವನ್ನು ಸೆಕೆಂಡಿಗೆ ಮೂರು ಕಿಲೋಮೀಟರ್‌ನಷ್ಟು ಬದಲಿಸಬೇಕು. ಇಡೀ ಷಟಲ್ ನೌಕೆಗೇ ಕಕ್ಷೆಯಲ್ಲಿ ಇದ್ದ ತಾಕತ್ತು ಅದರ ಹತ್ತನೇ ಒಂದು ಭಾಗ.

ನಾಸಾದವರಿಗೆ ಇದು ಬಾಯಿಪಾಠ. 2009ರ ಮೇ ತಿಂಗಳಲ್ಲಿ ಅಟ್ಲಾಂಟಿಸ್ ನೌಕೆ ಹಬಲ್ ದುರಸ್ತಿಗೆ ಕೊನೆಯ ಬಾರಿ ಹೋದಾಗ, ಎಂಡೆವರ್ ನೌಕೆಯನ್ನು ಇನ್ನೊಂದು ಉಡಾವಣಾ ಕಟ್ಟೆಯ ಮೇಲೆ ಸಿದ್ಧವಾಗಿ ನಿಲ್ಲಿಸಿದ್ದರು. ಅಟ್ಲಾಂಟಿಸ್‌ಗೆ ಏನಾದರೂ ಆದರೆ ಅದರಲ್ಲಿದ್ದ ಏಳು ಮಂದಿ ನಿಲ್ದಾಣಕ್ಕೆ ಓಡಿಹೋಗಲು ದಾರಿಯಿರಲಿಲ್ಲ, ಭೂಮಿಯಿಂದಲೇ ಇನ್ನೊಂದು ನೌಕೆ ಬಂದು ಕರೆತರಬೇಕಿತ್ತು. ಸದ್ಯ, ಅಗತ್ಯ ಬೀಳಲಿಲ್ಲ. ಆ ದಿನಗಳಲ್ಲಿ ನಾವು ಕಚೇರಿಯಲ್ಲಿ ಚಹಾ ಕುಡಿಯುತ್ತಾ ಇದನ್ನೇ ಮಾತನಾಡುತ್ತಿದ್ದೆವು. ಎರಡು ರಾಕೆಟ್ ಎದುರುಬದುರು ನಿಂತ ಆ ಚಿತ್ರ ನನಗೆ ಯಾವ ಸಿನಿಮಾಕ್ಕಿಂತಲೂ ಹೆಚ್ಚು ನಡುಕ ಹುಟ್ಟಿಸಿತ್ತು.

ಅಂದಹಾಗೆ ಕೊವಾಲ್ಸ್ಕಿ ಹಾರಾಡುವ ಆ ಬೆನ್ನಿನ ಯಂತ್ರ ನಿಜವಾದದ್ದೇ. 1984ರಲ್ಲಿ ಬ್ರೂಸ್ ಮೆಕ್ಯಾಂಡ್ಲೆಸ್ ಯಾವ ಹಗ್ಗವೂ ಇಲ್ಲದೆ ಅದರಲ್ಲಿ ನೌಕೆಯಿಂದ ಸುಮಾರು ನೂರು ಮೀಟರ್ ದೂರ ಹೋಗಿ ಬಂದರು. ಆ ವರ್ಷದ ಮೂರು ಯಾನಗಳ ನಂತರ ಅದನ್ನು ಬಳಸಲಿಲ್ಲ. ಈಗ ನಿಲ್ದಾಣದ ಹೊರಗೆ ನಾಸಾ ಉಡುಪಿನಲ್ಲಿ ಕೆಲಸ ಮಾಡುವವರ ಬೆನ್ನಿಗೆ ಸೇಫರ್ ಎಂಬ ಚಿಕ್ಕ ಯಂತ್ರವಿರುತ್ತದೆ, ಕೈತಪ್ಪಿ ಹೋದರೆ ಒಮ್ಮೆ ಮರಳಿ ಬರಲು ಸಾಕಾಗುವಷ್ಟು ಅನಿಲದೊಂದಿಗೆ.

---

ಕತ್ತರಿ_ಕೈ ಬರೆದದ್ದು:

ಧಾರಾವಾಹಿಗಳ ಸಂಕಲನ ಮಾಡಿ ಹೊಟ್ಟೆ ಹೊರೆಯುವವನು ನಾನು. ಅತ್ತೆ ತಿರುಗಿ ನೋಡಿದ್ದನ್ನು ಮೂರು ಸಲ ಅಂಟಿಸುವ ಕೆಲಸ. ಅದರಿಂದಲೇ ಈ ಚಿತ್ರದ ಮೊದಲ ಹನ್ನೆರಡು ಹದಿಮೂರು ನಿಮಿಷ ಒಂದೂ ಕತ್ತರಿ ಕಾಣದಂತೆ ಸಾಗುವುದನ್ನು ನೋಡಿ ಹೊಟ್ಟೆ ಉರಿದಿತ್ತು.

ಹುಡುಗಿಯ ಪ್ರಶ್ನೆಗೆ ನನ್ನ ಉತ್ತರ: ಎಳೆಯುತ್ತಿದ್ದವರು ನಾವು, ನೋಡುಗರು. ನೆಲದ ಮೇಲೆ ಹುಟ್ಟಿ ಬೆಳೆದ ಕಣ್ಣಿಗೆ ಬಿಗಿಯಾದ ಹಗ್ಗ ಕಂಡರೆ ಕೆಳಗೆ ಪ್ರಪಾತ ಇದೆ ಎಂದು ತಾನಾಗಿಯೇ ಅನಿಸುತ್ತದೆ. ಸಡಿಲವಾಗಿ ತೇಲುವ ಹಗ್ಗ ತೋರಿಸಿದ್ದರೆ ವಿಜ್ಞಾನ ಸರಿಯಾಗುತ್ತಿತ್ತು, ಎದೆ ಡವಗುಟ್ಟುತ್ತಿರಲಿಲ್ಲ. ಷಟಲ್ ಒಡೆಯುವಾಗ ಸ್ಫೋಟದ ಸದ್ದಿಲ್ಲ, ಉಡುಪಿಗೆ ತಾಗಿದ್ದರ ಅದುರುವಿಕೆ ಮತ್ತು ಸ್ಟೀವನ್ ಪ್ರೈಸ್ ಅವರ ಸಂಗೀತ ಮಾತ್ರ. ಸದ್ದಿನ ವಿಷಯದಲ್ಲಿ ಅಷ್ಟು ಶಿಸ್ತು ಇಟ್ಟುಕೊಂಡವರು ಹಗ್ಗದ ವಿಷಯದಲ್ಲಿ ಗೊತ್ತಿಲ್ಲದೆ ಎಡವಿದರು ಎಂದು ನಾನು ನಂಬುವುದಿಲ್ಲ. ಇಲ್ಲಿಂದ ಮುಂದೆ ಅವಳು ಒಬ್ಬಂಟಿಯಾಗಬೇಕಿತ್ತು. ಯಾವುದೋ ಚೂರು ಬಂದು ಅವನನ್ನು ಕೊಂದರೆ ಅದು ಅಪಘಾತ. ಅವನೇ ಕೊಕ್ಕೆ ಬಿಚ್ಚಿದರೆ ಅವಳ ಮೇಲೆ ಸಾಲ.

ಲೆಕ್ಕಿಗರ ಒಂದು ಮಾತಿಗೆ ತಕರಾರಿದೆ. ಸ್ಟೋನ್ ಹಲ್ಲು ಕಚ್ಚುವುದು ಭಾರಕ್ಕಲ್ಲ ಸ್ವಾಮಿ, ಬಿಡಬೇಕಾಗಿ ಬಂದಿದೆಯಲ್ಲ ಎಂದು.

---

ಕಕ್ಷೆ_ಲೆಕ್ಕಿಗ ಬರೆದದ್ದು:

ಒಪ್ಪಿದೆ. ಗೋಣಿ ಚೀಲದ ಮಾತು ಹಿಂದಕ್ಕೆ ತೆಗೆದುಕೊಂಡೆ.

ಮೇಷ್ಟ್ರೇ, ಮಕ್ಕಳಿಗೆ ತಪ್ಪುಗಳನ್ನೇ ಹೇಳಿ ಚಿತ್ರವನ್ನು ಸಣ್ಣದು ಮಾಡಬೇಡಿ. ಕತೆ ಹೊರಡುವುದು ರಷ್ಯಾ ತನ್ನದೇ ಉಪಗ್ರಹವನ್ನು ಕ್ಷಿಪಣಿಯಿಂದ ಒಡೆದದ್ದರಿಂದ. ಚಿತ್ರ ಬಂದು ಎಂಟು ವರ್ಷಕ್ಕೆ, 2021ರ ನವೆಂಬರ್ 15ರಂದು, ರಷ್ಯಾ ನಿಜವಾಗಿಯೂ ತನ್ನ ಹಳೆಯ ಕಾಸ್ಮೋಸ್ 1408 ಉಪಗ್ರಹವನ್ನು ಹೀಗೆಯೇ ಒಡೆಯಿತು. ನಿಲ್ದಾಣದಲ್ಲಿದ್ದ ಏಳು ಮಂದಿ ಸೋಯುಜ್ ಮತ್ತು ಡ್ರಾಗನ್ ನೌಕೆಗಳೊಳಗೆ ಸೇರಿ ಕಾಯಬೇಕಾಯಿತು. ಜಾಡು ಹಿಡಿಯಬಲ್ಲಂಥ ಚೂರುಗಳೇ 1,500ಕ್ಕೂ ಹೆಚ್ಚು. ಅದಕ್ಕೂ ಮೊದಲು, 2009ರ ಫೆಬ್ರುವರಿ 10ರಂದು ಸೈಬೀರಿಯಾದ ಮೇಲೆ ಒಂದು ಇರಿಡಿಯಂ ಉಪಗ್ರಹವೂ ಸತ್ತುಹೋಗಿದ್ದ ಒಂದು ಕಾಸ್ಮೋಸೂ ಡಿಕ್ಕಿ ಹೊಡೆದಿದ್ದವು. 2019ರ ಮಾರ್ಚ್ 27ರಂದು ನಾವೂ ನಮ್ಮದೊಂದು ಉಪಗ್ರಹವನ್ನು ಒಡೆದೆವು. ಎತ್ತರ 300 ಕಿಲೋಮೀಟರ್ ಆಸುಪಾಸು ಇದ್ದುದರಿಂದ ಬಹುಪಾಲು ಚೂರು ಬೇಗ ಕೆಳಗಿಳಿದು ಉರಿದುಹೋದವು, ಬಹುಪಾಲು ಮಾತ್ರ. ಒಂದು ಚೂರು ಇನ್ನೊಂದನ್ನು ಒಡೆದು ಸರಪಳಿಯಾಗುವ ಅಪಾಯವನ್ನು ನಾಸಾದ ಡೊನಾಲ್ಡ್ ಕೆಸ್ಲರ್ 1978ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಇಂಥ ಚೂರುಗಳ ಮೇಲೆ ಕಣ್ಣಿಡಲೆಂದೇ ಇಸ್ರೊ 2022ರಲ್ಲಿ ಬೆಂಗಳೂರಿನಲ್ಲಿ ಒಂದು ಕೇಂದ್ರ ತೆರೆದಿದೆ. ಪ್ರವಾಸದ ಪಟ್ಟಿಯಲ್ಲಿ ವಿಧಾನಸೌಧದ ಜೊತೆಗೆ ಅದರ ಹೆಸರನ್ನೂ ಹೇಳಿ.

---

ಹಳ್ಳಿಮಾಸ್ತರ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಸೋಮವಾರ ಸಂಜೆಯ ವರದಿ.

ಮೊದಲು "ಶನಿವಾರ ನಾನು ಹೇಳಿದ್ದು ತಪ್ಪು" ಎಂದೆ. ತರಗತಿಯಲ್ಲಿ ಇಷ್ಟು ಸಂತೋಷ ನಾನು ಯಾವ ಪಾಠದಲ್ಲೂ ಕಂಡಿರಲಿಲ್ಲ.

ಕೇರಂ ಬೋರ್ಡಿಗೆ ಪೌಡರ್ ಹಾಕಿ, ಎರಡು ಸ್ಟ್ರೈಕರ್‌ಗಳಿಗೆ ಹೊಲಿಗೆ ದಾರ ಅಂಟಿಸಿ, ಒಂದನ್ನು ದೂರ ತಳ್ಳಿದೆವು. ದಾರ ಬಿಗಿಯಿತು, ಒಂದು ಜಗ್ಗು, ಎರಡೂ ಪರಸ್ಪರ ಹತ್ತಿರಕ್ಕೆ ಸರಿದು ದಾರ ಸಡಿಲ ಬಿತ್ತು. ಹತ್ತು ಸಲ ಮಾಡಿದರೂ ಅದೇ. ದಾರ ಬಿಗಿದುಕೊಂಡೇ ಉಳಿಯುವಂತೆ ಮಾಡಲು ಯಾರಿಂದಲೂ ಆಗಲಿಲ್ಲ.

ಆಮೇಲೆ ಮುಖ್ಯೋಪಾಧ್ಯಾಯರ ತಿರುಗುವ ಕುರ್ಚಿ ತಂದೆವು (ಅವರು ತಾಲ್ಲೂಕಿಗೆ ಸಭೆಗೆ ಹೋಗಿದ್ದರು). ಹುಡುಗಿಯನ್ನು ಕೂರಿಸಿ, ಕೈಗೆ ದಾರ, ದಾರದ ತುದಿಗೆ ಸೀಮೆಸುಣ್ಣದ ಚೂರು ತುಂಬಿದ ಬಟ್ಟೆಯ ಚೀಲ ಕೊಟ್ಟು ತಿರುಗಿಸಿದೆವು. ಚೀಲ ಹೊರಕ್ಕೆ ಚಾಚಿಕೊಂಡಿತು, ದಾರ ಬಿಗಿಯಾಗಿಯೇ ಇತ್ತು. "ಈಗ ಬಿಡು" ಎಂದೆ. ಚೀಲ ಹೋಗಿ ಗೋಡೆಯ ಮೇಲಿದ್ದ ಕರ್ನಾಟಕ ಭೂಪಟಕ್ಕೆ ಬಡಿಯಿತು, ಸರಿಯಾಗಿ ಬೀದರ್ ಮೇಲೆ ಬಿಳಿ ಗುರುತು.

ಲೆಕ್ಕಿಗರ ಎರಡನೆಯ ಸಾಧ್ಯತೆ ಗೆದ್ದಿತು ಎಂದು ನಾನು ಅಂದುಕೊಳ್ಳುತ್ತಿರುವಾಗಲೇ ಅವಳು ಕುರ್ಚಿಯಿಂದ ಇಳಿಯುತ್ತಾ ಹೇಳಿದಳು: "ಸರ್, ಚೀಲ ಪಕ್ಕಕ್ಕೆ ಹೋಯಿತು. ಸಿನಿಮಾದಲ್ಲಿ ಅವನು ನೆಟ್ಟಗೆ ಹಿಂದಕ್ಕೆ ಹೋದ, ಅದೂ ಮೆಲ್ಲಗೆ." ತಲೆ ತಿರುಗುತ್ತಿದ್ದರೂ ಗಮನ ಅಲ್ಲೇ ಇತ್ತು. ಬಂಡೆಯ ಮೇಡಂ, ನಿಮ್ಮ ಜಾರುವ ದಾರದ ವಾದ ಅವಳಿಗೆ ಹಿಡಿಸಿತು. "ಗಂಟು ಹಾಕದ ಹಗ್ಗ ಹಾಗೆಯೇ, ನಮ್ಮಪ್ಪನೂ ಹೇಳುತ್ತಾನೆ" ಎಂದಳು. ಆದರೆ ತೀರ್ಪು ಬದಲಾಗಲಿಲ್ಲ: ಅವನು ಇನ್ನೂ ಸ್ವಲ್ಪ ಹೊತ್ತು ಕಾಯಬಹುದಿತ್ತು. ಸೋಯುಜ್‌ನಲ್ಲಿ ಮೂರು ಸೀಟು ಇವೆಯಲ್ಲ ಎಂದು ಇನ್ನೊಬ್ಬ ಹುಡುಗ ಸೇರಿಸಿದ. ಕತ್ತರಿ ಅವರ 'ಎಳೆಯುತ್ತಿದ್ದವರು ನಾವು' ಎಂಬುದನ್ನು ಓದಿ ಹೇಳಿದೆ. ಅರ್ಧ ತರಗತಿಗೆ ಅರ್ಥವಾಗಲಿಲ್ಲ, ಅರ್ಧ ತರಗತಿ ನಾವು ಯಾಕೆ ಎಳೆಯುತ್ತೇವೆ ಎಂದು ಜಗಳಕ್ಕೆ ಬಂದಿತು.

ಪಾಪ್‌ಕಾರ್ನ್ ಅವರೇ, ಈ ಎಲ್ಲ ಲೆಕ್ಕದ ನಂತರವೂ ಅವರು ಕೇಳಿದ್ದು ಒಂದೇ: ಉಳಿದ ಸಿನಿಮಾ ಯಾವಾಗ? ಕರೆಂಟ್ ಇದ್ದರೆ ಬರುವ ಶನಿವಾರ ಎಂದಿದ್ದೇನೆ. ಅವನು ಮತ್ತೆ ಬರುತ್ತಾನೆಯೇ ಎಂದು ಮುಂದಿನ ಬೆಂಚಿನವರು ಪಂದ್ಯ ಕಟ್ಟಿಕೊಂಡಿದ್ದಾರೆ. ಹಿಂದಿನ ಬೆಂಚಿನವಳು ಮಾತ್ರ ಹೊರಡುವಾಗ ಬಾಗಿಲಲ್ಲಿ ನಿಂತು, "ಬಂದರೆ, ಯಂತ್ರವೂ ಖಾಲಿ, ಹಗ್ಗವೂ ಇಲ್ಲ, ಹೇಗೆ ಬಂದ ಎಂದು ಕೇಳುತ್ತೇನೆ ಸರ್" ಎಂದು ಹೇಳಿ ಹೋದಳು.

ಚಿತ್ರ ಪೂರ್ತಿ ನೋಡಿದವರಿಗೆ ಗೊತ್ತು, ಶನಿವಾರ ನನಗೆ ಏನು ಕಾದಿದೆ ಎಂದು. ದಯವಿಟ್ಟು ಬಾಯಿ ಬಿಡಬೇಡಿ.